ಅಪ್ಪಯ್ಯನ ಸೈಕಲ್‌ಗೊಂದು ಮೋಟಾರು

ನಾನಿರುವುದು ಜರ್ಮನಿಯ ಫ್ರೈಬುರ್ಗ್‌ನಲ್ಲಿ. ಊರು ತೀರ್ಥಹಳ್ಳಿ ಹತ್ತಿರ. ಎರಡೂ ಕಡೆ ಗುಡ್ಡ, ಎರಡೂ ಕಡೆ ಕಾಡು. ಇಲ್ಲಿ ಎಪ್ಪತ್ತು ದಾಟಿದ ಅಜ್ಜಿಯರು ಬುಟ್ಟಿ ತುಂಬ ತರಕಾರಿ ಇಟ್ಟುಕೊಂಡು, ಏರಿನಲ್ಲಿ ನನ್ನನ್ನು ಹಿಂದೆ ಹಾಕಿ ಹೋಗುತ್ತಾರೆ. ಅವರ ಸೈಕಲ್‌ನಲ್ಲಿ ಮೋಟಾರ್ ಇದೆ. ಆದರೆ ತುಳಿಯುವುದು ನಿಲ್ಲಿಸಿದರೆ ಅದೂ ನಿಲ್ಲುತ್ತದೆ. ಮೋಟಾರ್ 250 ವ್ಯಾಟ್‌ನದ್ದು, ಗಂಟೆಗೆ 25 ಕಿ.ಮೀ. ದಾಟಿದರೆ ಸಹಾಯ ಬಂದ್. ಅಷ್ಟರೊಳಗಿದ್ದರೆ ಕಾನೂನಿನ ಪ್ರಕಾರ ಅದು ಸೈಕಲ್ಲೇ, ಲೈಸೆನ್ಸ್ ಬೇಡ. 2023ರಲ್ಲಿ ಇಲ್ಲಿ ಮಾರಾಟವಾದ ಸೈಕಲ್‌ಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಮೋಟಾರಿನವೇ.

ಭಾರತದ ನಿಯಮದಲ್ಲೂ ಹೆಚ್ಚುಕಡಿಮೆ ಇದೇ ಅಂಕಿಗಳಿವೆ. ಆದರೂ ನಮ್ಮ ಕಡೆ ಸೈಕಲ್ ಬಿಟ್ಟವರು ನೇರ ಸ್ಕೂಟಿ ಹತ್ತಿದರು. ನಡುವೆ ಒಂದು ಮೆಟ್ಟಿಲಿದೆ ಅಂತ ಯಾರಿಗೂ ಅನಿಸಲೇ ಇಲ್ಲ.

ಅಪ್ಪಯ್ಯ ಮಾತ್ರ ಸೈಕಲ್ ಬಿಟ್ಟಿಲ್ಲ. ದಿನಾ ಬೆಳಿಗ್ಗೆ ಇಳಿಯುವಾಗ ಡೈರಿಗೆ ಹಾಲಿನ ಕ್ಯಾನು, ಹತ್ತುವಾಗ ಕೆಲವೊಮ್ಮೆ ಹಿಂಡಿ ಚೀಲ. ಸುಮಾರು 1 ಕಿ.ಮೀ. ದಾರಿ, ಹತ್ತುವಾಗ ಪೂರ್ತಿ ತಳ್ಳುವುದೇ. ಲೆಕ್ಕ ಹಾಕಿ ನೋಡಿದೆ. ಆಳು, ಸೈಕಲ್, ಚೀಲ ಸೇರಿ 100 ಕೆ.ಜಿ. ಅಂತಿಟ್ಟುಕೊಳ್ಳಿ. 100 ಮೀಟರಿಗೆ 5 ಮೀಟರ್ ಏರಿದ್ದರೆ, ಗಂಟೆಗೆ 10 ಕಿ.ಮೀ. ವೇಗದಲ್ಲಿ ಹತ್ತಲು ಕಡಿಮೆಯೆಂದರೂ 135 ವ್ಯಾಟ್ ಬೇಕು. ಸಾಮಾನ್ಯ ಮನುಷ್ಯ ಒಂದೇ ಸಮ ತುಳಿದರೆ ಬರುವುದು 75ರಿಂದ 100. ಕಮ್ಮಿ ಬೀಳುವುದು ಅಷ್ಟೇ. ಅದಕ್ಕೆ ಯಾರಾದರೂ ಪೂರ್ತಿ ಸ್ಕೂಟರ್ ತರುತ್ತಾರಾ?

ಹೋದ ಸಲ ರಜೆಯಲ್ಲಿ ಹಿಂದಿನ ಚಕ್ರದ ನಡುವೆ ಕೂರುವ ಹಬ್ ಮೋಟಾರ್ ಕಿಟ್ ತಂದೆ. "ಎಂತಕ್ಕಾ ಇದು, ನಂಗೆಂತ ಕಾಲಿಲ್ವಾ?" ಅಂದರು ಅಪ್ಪಯ್ಯ. ಕಿಟ್ ನೋಡಿದ ಸೈಕಲ್ ಶಾಪಿನವರು ಮೋಟಾರ್ ಮುಟ್ಟಲೇ ಇಲ್ಲ, ಮೊದಲು ಬ್ರೇಕ್ ನೋಡಿದರು. ಹಳೇ ಸೈಕಲ್‌ನ ಕಡ್ಡಿ ಬ್ರೇಕು, ಸ್ಟೀಲ್ ರಿಮ್ಮು. ಆರಿದ್ರಾ ಮಳೆಯಲ್ಲಿ ನೆಂದರೆ ಹಿಡಿಯುವುದೇ ಇಲ್ಲ. ಹಾಲಿನ ಕ್ಯಾನು ಕಟ್ಟಿಕೊಂಡು ಇಳಿಯುವವನಿಗೆ ಮೋಟಾರಿಗಿಂತ ಅದು ಮುಖ್ಯ ಅಲ್ವಾ? ನನಗೆ ಹೊಳೆದಿರಲಿಲ್ಲ. ಬ್ರೇಕ್ ಬದಲಾಯಿಸಿ, ಮೋಟಾರಿನ ಆಕ್ಸಲ್ ತಿರುಚಿ ಕಳಚಿಕೊಳ್ಳದಂತೆ ಕಬ್ಬಿಣದ ಪಟ್ಟಿ ಬಿಗಿದ ಮೇಲೇ ವೈರ್ ಕೂಡಿಸಿದ್ದು.

ಇಲ್ಲಿ ನನ್ನ ಸೈಕಲ್‌ನ ಮೋಟಾರು ಪೆಡಲ್ ಹತ್ತಿರ ಇದೆ. ಗೇರ್ ಮೂಲಕ ಎಳೆಯುವುದರಿಂದ ಏರಿಗೆ ಅದೇ ವಾಸಿ. ಆದರೆ ಅದು ಕೆಟ್ಟಾಗ ಅಂಗಡಿಯವರು ಬಿಚ್ಚಲೂ ಒಪ್ಪಲಿಲ್ಲ, ಇಡೀ ಮೋಟಾರೇ ಬದಲಾಯಿಸಿ ಅಂದರು. ಊರಲ್ಲಿ ಮಳೆಗಾಲಕ್ಕೆ, ಮೋಟಾರಿಗೆ ಕರೆಂಟ್ ಹದವಾಗಿ ಬಿಡುವ ಕಂಟ್ರೋಲರ್‌ಗೆ ನೀರು ಹೋಗಿತ್ತು. ಶಾಪಿನವರು ಬಿಚ್ಚಿ, ಬೇರೆ ಹಾಕಿ, ಸಂಜೆಗೆ ಕೊಟ್ಟರಂತೆ. ಬ್ಯಾಟರಿ 36 ವೋಲ್ಟ್, 10 ಆಂಪಿಯರ್ ಅವರ್‌ನದ್ದು. ಒಂದು ಸಲ ಚಾರ್ಜ್ ಮಾಡಿದರೆ ಅಪ್ಪಯ್ಯನ ಆ ಒಂದು ಏರಿಗೆ ವಾರ ಬರುತ್ತದೆ, ಕರೆಂಟ್ ಮೂರು ದಿನ ಇಲ್ಲದಿದ್ದರೂ ತೊಂದರೆಯಿಲ್ಲ.

ಕಿಟ್ ಜೊತೆ ಎಕ್ಸಲೇಟರ್ ಬಂದಿತ್ತು. ಅದನ್ನು ನಾನು ಹಾಕಿಸಿರಲಿಲ್ಲ. ಕಾಲು ಸುಮ್ಮನಿಟ್ಟು ಕಡಿದಾದ ಏರು ಹತ್ತಿಸಿದರೆ ಹಬ್ ಮೋಟಾರು ತೆವಳುತ್ತದೆ, ಬಿಸಿಯಾಗುತ್ತದೆ. ಅದು ಸೈಕಲ್‌ಗೆ ಸಹಾಯವೂ ಅಲ್ಲ, ಸ್ಕೂಟರೂ ಅಲ್ಲ. ಈಗಲೂ ನನ್ನ ವಾದ ಅದೇ. ಆದರೆ ಮೊನ್ನೆ ವಿಡಿಯೋ ಕಾಲ್‌ನಲ್ಲಿ ನೋಡಿದರೆ ಹ್ಯಾಂಡಲ್ ಮೇಲೆ ಎಕ್ಸಲೇಟರ್! ಕೇಳಿದ್ದಕ್ಕೆ, "ಹಿಂಡಿ ಚೀಲ ಹಾಕಿದ್ರೆ ತುಳಿಯೂಕಾಗ್ತಿಲ್ಲ ಮಾರಾಯ. ಪಕ್ಕದಲ್ಲಿ ನಡೀತಾ ಸ್ವಲ್ಪ ತಿರುಪಿದ್ರೆ ಅದೇ ಹತ್ತತ್ತೆ" ಅಂದರು.

ಜರ್ಮನಿಯ ಸೈಕಲ್‌ಗಳಲ್ಲೂ ತಳ್ಳುವಾಗ ಒತ್ತುವ ಗುಂಡಿ ಇರುತ್ತದೆ, ಗಂಟೆಗೆ 6 ಕಿ.ಮೀ.ವರೆಗೆ ಕಾನೂನೇ ಬಿಡುತ್ತದೆ. ನನ್ನ ಸೈಕಲ್‌ನಲ್ಲೂ ಇದೆ. ಒಂದು ದಿನವೂ ಒತ್ತಿರಲಿಲ್ಲ.