ಗರ್ಭಕೋಶ ತೆಗೆಸಿದ ಮೇಲೂ ಬೆನ್ನುನೋವು ಉಳಿಯಬಹುದು

ಉಡುಪಿ, ಮಂಗಳೂರಿನ ವಾಟ್ಸಾಪ್ ಗುಂಪುಗಳಲ್ಲಿ ಒಂದು ಸಂದೇಶ ಓಡಾಡುತ್ತಿದೆ: "ಎಂಡೊಮೆಟ್ರಿಯೋಸಿಸ್ ಇದ್ದವರು ಗರ್ಭಕೋಶ ತೆಗೆಸಿದರೆ ಸಾಕು, ಬೆನ್ನುನೋವು ಪೂರ್ತಿ ಹೋಗುತ್ತದೆ." ಇದು ತಪ್ಪು.

ಈ ಕಾಯಿಲೆಯಲ್ಲಿ ಗರ್ಭಕೋಶದ ಒಳಪದರದಂಥ ಅಂಗಾಂಶ ಅದರ ಹೊರಗೆ ಬೆಳೆಯುತ್ತದೆ. ಅದು ಅಂಡಾಶಯ, ಕರುಳಿನ ಮೇಲೂ, ಗರ್ಭಕೋಶವನ್ನು ಬೆನ್ನಿನ ಕೆಳಮೂಳೆಗೆ ಹಿಡಿದಿಡುವ ಪಟ್ಟಿಗಳ ಮೇಲೂ ಇರಬಹುದು. ಅದು ಅಲ್ಲೇ ಉಳಿದರೆ ನೋವೂ ಉಳಿಯಬಹುದು, ಅಲ್ವಾ? ಯುರೋಪಿನ ತಜ್ಞವೈದ್ಯರ 2022ರ ಮಾರ್ಗಸೂಚಿಯೂ ಗರ್ಭಕೋಶ ತೆಗೆದರೆ ಕಾಯಿಲೆ ಗುಣವಾಗಿಯೇ ಬಿಡುತ್ತದೆ ಎನ್ನಲಾಗದು ಅನ್ನುತ್ತದೆ. ಕೆಲವರಿಗೆ ಆಪರೇಷನ್ನಿನಿಂದ ತುಂಬ ಆರಾಮ ಸಿಗುತ್ತದೆ, ನಿಜ. ಎಲ್ಲರಿಗೂ ಅಲ್ಲ.

ಆಪರೇಷನ್ ಆದಮೇಲೂ ಬೆನ್ನು ಹಿಡಿದು ಕೂರುವ ಹೆಂಗಸರಿಗೆ "ಸುಮ್ನೆ ಹೇಳ್ತಾಳೆ" ಅನ್ನುವ ಮಾತು ಹುಟ್ಟುವುದು ಇಂಥ ಸಂದೇಶಗಳಿಂದಲೇ. ನೋವಿದ್ದರೆ ಮತ್ತೆ ಸ್ತ್ರೀರೋಗ ತಜ್ಞರಿಗೆ ತೋರಿಸಬೇಕು. ದಯವಿಟ್ಟು ಆ ಸಂದೇಶವನ್ನು ಇನ್ನು ಯಾರಿಗೂ ಕಳಿಸಬೇಡಿ.