ಹುಡುಗನ ಮೋಟರ್ ಚೆನ್ನಾಗಿದ್ಯಂತೆ

"ಯಾವ್ದು ಮೋಟ್ರು, ಸುಟ್ಟೋಗೈತಾ?" ಅಂತ ಮಾವ ಕೇಳಿದಾಗ್ಲೇ ನಂಗೆ ಹೊಳೆದಿದ್ದು, ನಾವು ನಾಲ್ಕು ಜನ ಒಂದು ಗಂಟೆಯಿಂದ ಅವ್ರ ಎದುರಿಗೇ ಕೂತು ಕನ್ನಡದಲ್ಲೇ ಕಿತ್ತಾಡ್ತಾ ಇದ್ರೂ ಅವ್ರಿಗೆ ಒಂದಕ್ಷರ ತಲೆಗೆ ಹೋಗಿಲ್ಲ ಅಂತ. ಹಾಸನದವನು ಆಗಷ್ಟೇ "ಆ ಹುಡುಗನ ಮೋಟರ್ ನೋಡು ಗುರು, ನಲವತ್ತು ನಿಮಿಷಾನೂ ಓಡ್ತಾನೇ ಇರುತ್ತೆ" ಅಂದಿದ್ದ. ಮಾವ ದೊಡ್ಡಬಳ್ಳಾಪುರದ ಕಡೆಯವ್ರು, ಮೂರು ಬೋರ್‌ವೆಲ್ ಕೊರೆಸಿ ಎರಡರಲ್ಲಿ ಧೂಳು ನೋಡಿದವ್ರು, ಮೋಟರ್ ಅಂದ್ರೆ ಅದು ಸುಟ್ಟೋಗುತ್ತೆ, ಪೈಪ್ ಸಮೇತ ಮೇಲೆತ್ತಬೇಕು, ರೀವೈಂಡಿಂಗ್‌ಗೆ ಕೊಡಬೇಕು, ಅಷ್ಟೇ. ಅದಕ್ಕೂ ಮುಂಚೆ ತುಮಕೂರಿನವನು "ಇವನ ಸೀಲಿಂಗ್ ಜಾಸ್ತಿ, ಅವನ ಫ್ಲೋರ್ ಗಟ್ಟಿ" ಅಂತಿದ್ದಾಗ ನಾವು ಹೊಸ ಮನೆ ತಗೊಳ್ತಿದೀವಿ ಅಂದ್ಕೊಂಡು ಸುಮ್ನಿದ್ರಂತೆ. ತಪ್ಪೇನಿಲ್ಲ ಬಿಡಿ, ಟೆಕ್ಸಸ್‌ನ ಡಲ್ಲಾಸ್ ಪಕ್ಕದ ನಮ್ಮ ಫ್ರಿಸ್ಕೋದಲ್ಲಿ ನಾಲ್ಕು ಜನ ಕನ್ನಡದವ್ರು ಸೇರಿದ್ರೆ ಮನೆ ರೇಟ್ ಬಿಟ್ಟು ಬೇರೆ ಮಾತಾಡೋದೇ ಅಪರೂಪ.

ಇದು 2025ರ ಜೂನ್, ಎನ್‌ಬಿಎ, ಅಂದ್ರೆ ಇಲ್ಲಿನ ದೊಡ್ಡ ಬಾಸ್ಕೆಟ್‌ಬಾಲ್ ಲೀಗ್‌ನ ಡ್ರಾಫ್ಟ್‌ಗೆ ಇನ್ನು ಹತ್ತು ದಿನ. ಮಾವನಿಗೆ ಕೂರಿಸಿ ಹೇಳಿದೆ. ಮೋಟರ್ ಅಂದ್ರೆ ಹುಡುಗನ ದಮ್ಮು, ಸೀಲಿಂಗ್ ಅಂದ್ರೆ ಎಷ್ಟು ಮೇಲಕ್ಕೆ ಬೆಳೀಬಹುದು ಅನ್ನೋದು, ಫ್ಲೋರ್ ಅಂದ್ರೆ ಎಷ್ಟೇ ಕೆಟ್ರೂ ಇದಕ್ಕಿಂತ ಕೆಳಗೆ ಬೀಳಲ್ಲ ಅನ್ನೋದು. ಇಲ್ಲಿ ಮೂವತ್ತು ಟೀಮ್ ಇವೆ, ವರ್ಷಕ್ಕೊಂದ್ಸಲ ಕಾಲೇಜಲ್ಲಿ ಆಡೋ ಹುಡುಗ್ರನ್ನ, ಹೊರದೇಶದವ್ರನ್ನೂ, ಎರಡು ಸುತ್ತಲ್ಲಿ ಸರದಿ ಪ್ರಕಾರ ಆರಿಸ್ಕೊಳ್ತಾರೆ, ಐಪಿಎಲ್ ಥರ ಹರಾಜಿಲ್ಲ, ಯಾರ ಕೈಲಿ ದುಡ್ಡು ಜಾಸ್ತಿ ಅನ್ನೋ ಪ್ರಶ್ನೆ ಇಲ್ಲ. ಜಾಸ್ತಿ ಸೋತವನಿಗೆ ಮೊದಲು ಆರಿಸ್ಕೊಳ್ಳೋ ಚಾನ್ಸ್ ಜಾಸ್ತಿ. ಆದ್ರೆ ಪೂರ್ತಿ ಹಾಗೇ ಬಿಟ್ರೆ ಎಲ್ಲಾರೂ ಬೇಕಂತ್ಲೇ ಸೋಲ್ತಾರಲ್ಲ, ಅದಕ್ಕೆ ಲಾಟರಿ. ಪ್ಲೇಆಫ್ ಸೇರದ ಹದಿನಾಲ್ಕು ಟೀಮ್ ಮಧ್ಯೆ, ಒಂದರಿಂದ ಹದಿನಾಲ್ಕರ ತನಕ ನಂಬರ್ ಬರೆದ ಪಿಂಗ್ ಪಾಂಗ್ ಚೆಂಡು ಮಿಷನ್‌ಗೆ ಹಾಕಿ ನಾಲ್ಕು ಎತ್ತುತಾರೆ, 1001 ಥರ ಬರಬಹುದು, ಒಂದನ್ನ ಬಿಟ್ಟು ಸಾವಿರವನ್ನ ಟೀಮ್‌ಗಳಿಗೆ ಹಂಚಿರ್ತಾರೆ. ಸಾವಿರದಲ್ಲಿ ನಮ್ಮ ಡಲ್ಲಾಸ್‌ದು ಬರೀ ಹದಿನೆಂಟು. ಅಂದ್ರೆ 1.8 ಪರ್ಸೆಂಟ್. ಮೇ ತಿಂಗಳಲ್ಲಿ ಆ ಹದಿನೆಂಟರಲ್ಲೇ ಒಂದು ಬಂತು, ಮೊದಲ ನಂಬರ್ ನಮ್ಮದಾಯ್ತು, ದಾವಣಗೆರೆಯವನು ರಾತ್ರಿ ಫೋನ್ ಮಾಡಿ "ಲೇ ತಮ್ಮಾ, ಲಾಟರಿ ಹೊಡೀತಲೇ" ಅಂತ ಕಿರುಚಿದಾಗ ಅವನ ಹೆಂಡ್ತಿ ನಿಜವಾದ ಲಾಟರಿ ಅಂದ್ಕೊಂಡು ಎದ್ದು ಬಂದಿದ್ಲಂತೆ, ಪಾಪ.

ಆ ವರ್ಷ ನಮ್ಮೂರಿನವ್ರಿಗೆ ಈ ಖುಷಿ ಯಾಕೆ ಅಷ್ಟು ಬೇಕಿತ್ತು ಅನ್ನೋದನ್ನ ಬೇರೆ ಊರಿನವ್ರಿಗೆ ಹೇಳೋದು ಕಷ್ಟ. ಫೆಬ್ರವರಿ ಒಂದನೇ ತಾರೀಕು ಶನಿವಾರ ರಾತ್ರಿ ಹನ್ನೊಂದು ದಾಟಿದ ಮೇಲೆ, ಮಲಗೋಕೆ ಮುಂಚೆ ಒಂದ್ಸಲ ಫೋನ್ ನೋಡೋಣ ಅಂತ ನೋಡಿದ್ರೆ ನಮ್ಮ ಟೀಮ್‌ನ ಲೂಕಾ ಡಾನ್ಚಿಚ್‌ನ ಲಾಸ್ ಏಂಜಲೀಸ್‌ನ ಲೇಕರ್ಸ್ ಟೀಮ್‌ಗೆ ಕೊಟ್ಟುಬಿಟ್ಟಿದಾರೆ. ಹಿಂದಿನ ಜೂನ್‌ನಲ್ಲಿ ಟೀಮ್‌ನ ಫೈನಲ್ ತನಕ ಹೊತ್ಕೊಂಡು ಹೋದ ಹುಡುಗ, ವಯಸ್ಸಿನ್ನೂ ಇಪ್ಪತ್ತೈದು. ನಾನು ಅದು ಯಾರೋ ಫೇಕ್ ಅಕೌಂಟ್ ಮಾಡಿ ಹಾಕಿರೋದು ಅಂತ ಫೋನ್ ಇಟ್ಟು ಮಲಗಿದೆ. ಬೆಳಗ್ಗೆ ಎದ್ರೂ ನಿಜಾನೇ. ಮಗನ ರೂಮಲ್ಲಿ ಲೂಕಾನ 77ನೇ ನಂಬರ್ ಜರ್ಸಿ ಗೋಡೆ ಮೇಲಿತ್ತು, ಅದನ್ನ ತೆಗೀಬೇಕಾ ಬೇಡ್ವಾ ಅಂತ ಒಂದು ವಾರ ಮನೇಲಿ ಸೂತಕದ ಥರ ಚರ್ಚೆ. ಹಂಗಾಗಿ ಈಗ ಬರೋ ಹುಡುಗ ಬರೀ ಆಟಗಾರ ಅಲ್ಲ, ಗಾಯಕ್ಕೆ ಅರಿಶಿನ.

ಆ ಹುಡುಗ ಕೂಪರ್ ಫ್ಲ್ಯಾಗ್. ಡ್ಯೂಕ್ ಕಾಲೇಜು, ಹದಿನೆಂಟು ವರ್ಷ, ಮೇಯ್ನ್ ರಾಜ್ಯದ ನ್ಯೂಪೋರ್ಟ್ ಅನ್ನೋ ಪುಟ್ಟ ಊರಿನವನು. ಅವನೇ ಮೊದಲು ಅಂತ ಇಡೀ ದೇಶಕ್ಕೇ ಗೊತ್ತಿತ್ತು, ಅಂದ್ಮೇಲೆ ನಾವು ಜಗಳ ಆಡೋಕೆ ಏನೂ ಉಳಿದಿರಬಾರದು. ಆದ್ರೂ ಗರಾಜ್ ಬಾಗಿಲು ಅರ್ಧ ಎತ್ತಿ, ಫ್ಯಾನ್ ಹಾಕ್ಕೊಂಡು, ಮಂಡಕ್ಕಿ ಒಗ್ಗರಣೆ ಮುಂದಿಟ್ಕೊಂಡು ಮೂರು ವಾರ ಜಗಳ ಆಡಿದ್ವಿ. ತುಮಕೂರಿನವನು "ಆ ನಂಬರನ್ನೇ ಮಾರಿ ಈಗಾಗ್ಲೇ ಬೆಳೆದು ನಿಂತಿರೋ ದೊಡ್ಡ ಆಟಗಾರನ್ನ ತಗೊಳ್ಳಿ" ಅಂತ. ಹಾಸನದವನು "ಸ್ಯಾನ್ ಆಂಟೋನಿಯೋದಲ್ಲಿ ಹ್ಯೂಸ್ಟನ್ ಕಾಲೇಜಿನ ವಿರುದ್ಧ ಕಾಲೇಜು ಟೂರ್ನಿ ಸೆಮಿಫೈನಲ್‌ನಲ್ಲಿ ಕೊನೇಲಿ ಅವನು ಹೊಡೆದ ಶಾಟ್ ಶಾರ್ಟ್ ಆಗ್ಲಿಲ್ವಾ, 70-67ಕ್ಕೆ ಸೋಲ್ಲಿಲ್ವಾ" ಅಂತ ಎತ್ತಿದ. ಹದಿನೆಂಟು ವರ್ಷದ ಹುಡುಗ ದೇಶ ಪೂರ್ತಿ ನೋಡ್ತಿರೋವಾಗ ಎಸೆದ ಒಂದು ಚೆಂಡು ನಾಲ್ಕು ಇಂಚು ಮುಂಚೆ ಬಿದ್ದಿದ್ದಕ್ಕೆ, ಹದಿನೆಂಟರಲ್ಲಿ ಸಿಇಟಿ ಹಾಲ್ ಟಿಕೆಟ್ ಮನೇಲಿ ಮರೆತು ಬಂದಿದ್ದ ನಮ್ಮ ಹಾಸನದವನು ಅವನ ಧೈರ್ಯದ ಬಗ್ಗೆ ತೀರ್ಪು ಕೊಡ್ತಾನೆ.

ನಿಜವಾದ ಜಗಳ ಎರಡನೇ ಮೂರನೇ ನಂಬರ್‌ದು. ಅದು ನಮ್ಮ ಟೀಮ್‌ಗೆ ಸಂಬಂಧಾನೇ ಇಲ್ಲ, ಅದಕ್ಕೇ ಇರಬೇಕು ಅಷ್ಟು ಜೋರು. ರಟ್ಗರ್ಸ್ ಅನ್ನೋ ಒಂದೇ ಕಾಲೇಜಿಂದ ಇಬ್ರು, ಡಿಲನ್ ಹಾರ್ಪರ್ ಮತ್ತೆ ಏಸ್ ಬೇಯ್ಲಿ. ಬೇಯ್ಲಿ ಕಾಲೇಜಿನ ಲಿಸ್ಟಲ್ಲಿ ಆರಡಿ ಹತ್ತಿಂಚು, ಶಿಕಾಗೋದಲ್ಲಿ ಕಂಬೈನ್ ಅಂತ ಮಾಡಿ ಎಲ್ಲಾರನ್ನೂ ಬರಿಗಾಲಲ್ಲಿ ನಿಲ್ಲಿಸಿ ಅಳೆದಾಗ ಆರಡಿ ಏಳೂವರೆ. ದಾವಣಗೆರೆಯವನು ಬೇಯ್ಲಿ ಪಾರ್ಟಿ, ಎರಡೂವರೆ ಇಂಚು ಎಲ್ಲೋಯ್ತಪಾ ಅಂದ್ರೆ "ಶೂನಾಗೈತಿ ಬಿಡಲೇ" ಅಂತಾನೆ. ನನ್ನ ಪಾಯಿಂಟ್ ಏನಿತ್ತು ಅಂದ್ರೆ, ಇಂಥಾ ಇಬ್ರು ಒಂದೇ ಟೀಮಲ್ಲಿದ್ರೂ ರಟ್ಗರ್ಸ್ ಗೆದ್ದಿದ್ದು ಹದಿನೈದು, ಸೋತಿದ್ದು ಹದಿನೇಳು, ಮಾರ್ಚ್ ತಿಂಗಳ ದೊಡ್ಡ ಟೂರ್ನಿಗೆ 68 ಕಾಲೇಜು ಕರೀತಾರೆ, ಆ 68ರಲ್ಲೂ ಇಲ್ಲ. ಇದನ್ನ ಮಾವನಿಗೆ ಬಿಡಿಸಿ ಹೇಳಿದೆ. ಅವ್ರು ಮಂಡಕ್ಕಿ ಅಗೀತಾ "ಎತ್ತು ಏರಿಗೆ ಎಳೀತು, ಕ್ವಾಣ ನೀರಿಗೆ ಎಳೀತು" ಅಂದ್ರು. ನಾವು ಹದಿನೈದು ಪಾಡ್‌ಕಾಸ್ಟ್ ಕೇಳಿ ಹೇಳೋಕಾಗದೇ ಇದ್ದಿದ್ದನ್ನ!

ಅಲ್ಲಿಂದ ಮಾವ ಜಗಳಕ್ಕೆ ಇಳಿದ್ರು. ಅವ್ರಿಗೆ ಇದು ಹೊಸದೇನಲ್ಲ, ಘಾಟಿ ಜಾತ್ರೆ ಅಷ್ಟೇ. ಚಳಿಗಾಲದಲ್ಲಿ ಘಾಟಿ ಸುಬ್ರಹ್ಮಣ್ಯದಲ್ಲಿ ದನದ ಜಾತ್ರೆ ಸೇರುತ್ತಲ್ಲ, ಹಳ್ಳಿಕಾರ್ ಹೋರಿಗಳು ಸಾಲಾಗಿ ನಿಂತಿರ್ತವೆ, ಮಾವ ಹತ್ತನೇ ವಯಸ್ಸಿಂದ ಅಪ್ಪನ ಹಿಂದೆ ಹೋದವ್ರು. ಮೊದಲು ಬಾಯಿ ಬಿಡಿಸಿ ಹಲ್ಲು. ಹಾಲುಹಲ್ಲಾ, ಎರಡಲ್ಲಾ, ನಾಕಲ್ಲಾ, ಬಾಯಿಗೂಡಿದ್ದಾ. ಆಮೇಲೆ ಸುಳಿ ಎಲ್ಲೆಲ್ಲಿದೆ, ಗೊರಸು ಹೆಂಗಿದೆ, ಬೆನ್ನ ಮೇಲೆ ಕೈ ಇಟ್ರೆ ಚರ್ಮ ಹೆಂಗೆ ನಡುಗುತ್ತೆ, ಕೊನೇಗೆ ನಡೆಸಿ ನೋಡೋದು. ನಾನು ಫ್ಲ್ಯಾಗ್ ವಯಸ್ಸು ಹೇಳಿದ್ರೆ "ಇನ್ನೂ ಹಾಲುಹಲ್ಲು" ಅಂದ್ರು. ಬಿಚ್ಚಿದ ಕೈ ಅಳತೆ ಏಳಡಿ ಅಂದೆ, ವಿಂಗ್‌ಸ್ಪ್ಯಾನ್ ಅಂತಾರೆ ಅಂದೆ. ಅಂಗೈ ಉದ್ದ, ಅಗಲ ಕೂಡ ಅಳೀತಾರೆ ಅಂದೆ. ಅದಕ್ಕೆ ಮಾತ್ರ ಮಾವ ಸ್ವಲ್ಪ ಹೊತ್ತು ಸುಮ್ನಾದ್ರು. "ಸುಳೀನೂ ನೋಡ್ತಾರಾ?" ಅಂತ ನಗಾಡಿದ್ರು, ಆದ್ರೆ ನನ್ನ ಹೆಂಡ್ತಿ ಒಳಗಿಂದ "ಅಪ್ಪಾ, ಅವ್ರು ಮನುಷ್ಯರ ಮಕ್ಳು" ಅಂದಿದ್ದು ಕೇಳಿಸ್ತು, ಎಲ್ರಿಗೂ ಕೇಳಿಸ್ತು, ಒಂದು ನಿಮಿಷ ಮಂಡಕ್ಕಿ ಸದ್ದು ಬಿಟ್ರೆ ಬೇರೆ ಇಲ್ಲ.

ಅಳತೆಯ ಮಾತು ಬಂದಾಗ ನಂಗೆ ಹೊಟ್ಟೆಯಲ್ಲಿ ಒಂಥರಾ ಆಗುತ್ತೆ, ಕಾರಣ ನನ್ನದೇ ಒಂದು ಹಳೇ ಕೇಸು. ನಾನು ಎಂಎಸ್‌ಗೆ ಅಂತ ಆಸ್ಟಿನ್‌ಗೆ ಬಂದಿದ್ದು 2006ರಲ್ಲಿ. ಬಾಸ್ಕೆಟ್‌ಬಾಲ್ ಅಂದ್ರೆ ಹೈಸ್ಕೂಲಲ್ಲಿ ಪಿಟಿ ಮೇಷ್ಟ್ರು ಬೀಗ ಹಾಕಿಟ್ಟಿದ್ದ ಚೆಂಡು, ಅಷ್ಟೇ ಗೊತ್ತಿದ್ದಿದ್ದು. ಅದೇ ವರ್ಷ ಅದೇ ಕ್ಯಾಂಪಸ್‌ಗೆ ಕೆವಿನ್ ಡುರಾಂಟ್ ಬಂದಿದ್ದ, ಒಂದೇ ಒಂದು ವರ್ಷಕ್ಕೆ, ಯಾಕಂದ್ರೆ ಹೈಸ್ಕೂಲಿಂದ ನೇರ ಎನ್‌ಬಿಎಗೆ ಹಾರೋದನ್ನ ಆಗಷ್ಟೇ ನಿಲ್ಲಿಸಿದ್ರು. ಸ್ಟೂಡೆಂಟ್ ಟಿಕೆಟಲ್ಲಿ ಮೇಲ್ಗಡೆ ಕೂತು ಅವನನ್ನ ಕಣ್ಣಾರೆ ನೋಡಿದೀನಿ, ಕಡ್ಡಿ ಥರ ಹುಡುಗ, ಚೆಂಡು ಕೈಬಿಟ್ರೆ ಬಲೆಗೇ. ಇಷ್ಟೆಲ್ಲಾ ನೋಡಿ, 2007ರ ಡ್ರಾಫ್ಟ್‌ಗೆ ಮುಂಚೆ ರೂಮ್‌ಮೇಟ್ ಜೊತೆ ಇಪ್ಪತ್ತು ಡಾಲರ್ ಬೆಟ್ ಕಟ್ಟಿ ನಾನು ಹೇಳಿದ್ದೇನು ಗೊತ್ತಾ? ಗ್ರೆಗ್ ಓಡನ್ನೇ ಬೆಸ್ಟು ಅಂತ. ಓಡನ್ ಏಳಡಿ, ಬಂಡೆ ಥರ. ಡುರಾಂಟ್ ಕಂಬೈನಲ್ಲಿ 185 ಪೌಂಡ್ ಬಾರ್ ಒಂದ್ಸಲಾನೂ ಎತ್ತಲಿಲ್ಲ ಅಂತ ಪೇಪರಲ್ಲಿ ಓದಿದ್ದೆ, ಅದೊಂದನ್ನೇ ಹಿಡ್ಕೊಂಡು ಕೂತಿದ್ದೆ. ಪೋರ್ಟ್‌ಲ್ಯಾಂಡ್‌ನವ್ರೂ ನನ್ನ ಥರಾನೇ ಯೋಚನೆ ಮಾಡಿ ಓಡನ್‌ನ ಮೊದಲು ತಗೊಂಡ್ರು, ಆ ರಾತ್ರಿ ನಾನೇ ರಾಜ. ಓಡನ್ ಮಂಡಿ ಕೈಕೊಟ್ಟು ಒಟ್ಟು ಆಡಿದ್ದು 105 ಪಂದ್ಯ. ಇನ್ನೊಬ್ಬ, ಆ ಡುರಾಂಟ್, ಎಷ್ಟು ದೊಡ್ಡ ಆಟಗಾರ ಆದ ಅಂತ ನಾನು ಹೇಳ್ಬೇಕಾ. ಇವತ್ತಿಗೂ ಡುರಾಂಟ್ ಟೀವೀಲಿ ಕಂಡ್ರೆ ಆ ರೂಮ್‌ಮೇಟ್ ಒಂದು ಮೆಸೇಜ್ ಹಾಕ್ತಾನೆ, ಬರೀ "185" ಅಂತ.

ನನ್ನೊಬ್ಬನ ಕಥೆ ಅಲ್ಲ ಅಂತ ಸಮಾಧಾನಕ್ಕೆ ಲಿಸ್ಟ್ ಇಟ್ಕೊಂಡಿದೀನಿ. ಅದೇ ಪೋರ್ಟ್‌ಲ್ಯಾಂಡ್‌ನವ್ರು 1984ರಲ್ಲಿ ಎರಡನೇ ನಂಬರಿಗೆ ಸ್ಯಾಮ್ ಬೋವಿನ ತಗೊಂಡು ಮೈಕೆಲ್ ಜೋರ್ಡನ್‌ನ ಮೂರನೇ ನಂಬರ್‌ನ ಶಿಕಾಗೋಗೆ ಬಿಟ್ಟಿದ್ರು. ಮಿನೆಸೋಟದವ್ರು 2009ರಲ್ಲಿ ಐದು, ಆರು ಸಾಲಾಗಿ ಎರಡೂ ನಂಬರ್ ಕೈಲಿಟ್ಕೊಂಡು ಎರಡರಲ್ಲೂ ಪಾಯಿಂಟ್ ಗಾರ್ಡನ್ನೇ, ಅಂದ್ರೆ ಚೆಂಡು ಹಿಡಿದು ಆಟ ನಡೆಸೋನ್ನೇ ತಗೊಂಡ್ರು, ಏಳನೇ ನಂಬರಿಗೆ ಹೋದ ಪಾಯಿಂಟ್ ಗಾರ್ಡ್, ಆಮೇಲೆ ಅವರಿಬ್ರನ್ನೂ ಮೀರಿಸಿದ ಸ್ಟೆಫ್ ಕರ್ರಿ. ನಂಗೆ ಇದರಲ್ಲಿ ತುಂಬಾ ಇಷ್ಟದ್ದು 2014ರದ್ದು, 41ನೇ ನಂಬರಿಗೆ ಡೆನ್ವರ್‌ನವ್ರು ಸರ್ಬಿಯಾದ ಒಬ್ಬ ದಪ್ಪ ಹುಡುಗನ ಹೆಸರು ಹೇಳಿದಾಗ ಟೀವೀಲಿ ಟಾಕೋ ಬೆಲ್ ಜಾಹೀರಾತು ಓಡ್ತಾ ಇತ್ತು, ಹುಡುಗ ಊರಲ್ಲಿ ನಿದ್ದೆ ಹೊಡೀತಿದ್ದ. ನಿಕೋಲಾ ಯೋಕಿಚ್. ಮೂರು ಸಲ ಎಂವಿಪಿ, ಅಂದ್ರೆ ಲೀಗ್‌ನ ವರ್ಷದ ಅತ್ಯುತ್ತಮ ಆಟಗಾರ. ಸಂಬಳ ತಗೊಂಡು, ವಿಮಾನ ಹತ್ತಿ, ಊರೂರು ಸುತ್ತಿ ಹುಡುಗ್ರನ್ನ ನೋಡೋವ್ರ ಕಥೇನೇ ಇದು. ಗರಾಜಲ್ಲಿ ಕೂತ ನಮಗೇನು, ತಪ್ಪಾದ್ರೆ ಕೇಳೋರೂ ಇಲ್ಲ, ಆ "185" ಒಬ್ಬನನ್ನ ಬಿಟ್ಟು.

ಮಾವ ಆಗ ಕೇಳಿದ್ರು, ನಮ್ಮೋರು ಯಾರೂ ಈ ಜಾತ್ರೇಲಿ ನಿಂತಿಲ್ವಾ ಅಂತ. ನಿಂತಿದಾನೆ ಮಾವ, ಒಬ್ಬ, ಅದೂ ನಮ್ಮ ಡಲ್ಲಾಸ್‌ನವ್ರೇ ತಗೊಂಡಿದ್ದು. 2015, 52ನೇ ನಂಬರ್, ಸತ್ನಾಮ್ ಸಿಂಗ್, ಪಂಜಾಬಿನ ಬಲ್ಲೋಕೆ ಅನ್ನೋ ಹಳ್ಳಿ, ಏಳಡಿ ಎರಡಿಂಚು. ಡಲ್ಲಾಸ್‌ನವ್ರ ಕಿರಿಯ ಟೀಮ್ ಇರೋದು ಇದೇ ಫ್ರಿಸ್ಕೋದಲ್ಲಿ, ಟೆಕ್ಸಸ್ ಲೆಜೆಂಡ್ಸ್ ಅಂತ, ಅವನು ಅಲ್ಲಿ ಆಡ್ತಿದ್ದಾಗ ನಾವೆಲ್ಲಾ ಹೆಂಡ್ತಿ ಮಕ್ಳನ್ನ ಕಟ್ಕೊಂಡು ಹೋಗಿದ್ವಿ. ಬಹಳ ಹೊತ್ತು ಬೆಂಚಲ್ಲೇ ಇದ್ದ. ಟವಲ್ ಹೆಗಲ ಮೇಲೆ ಹಾಕ್ಕೊಂಡು ಬೆಂಚಿನ ತುದೀಲಿ, ಕೂತ್ರೂ ಪಕ್ಕದವ್ರು ನಿಂತಷ್ಟು ಎತ್ತರ. ಅವನು ಏಳ್ತಾನೇನೋ ಅಂತ ನಮ್ಮ ಸಾಲಿನವ್ರೆಲ್ಲಾ ಆಟ ಬಿಟ್ಟು ಬೆಂಚನ್ನೇ ನೋಡ್ತಿದ್ವಿ, ಶೂ ಲೇಸ್ ಕಟ್ಕೊಳ್ಳೋಕೆ ಬಗ್ಗಿದ್ರೂ ಚಪ್ಪಾಳೆ. ಎನ್‌ಬಿಎಯಲ್ಲಿ ಒಂದು ಪಂದ್ಯಾನೂ ಆಡೋಕಾಗ್ಲಿಲ್ಲ ಅವನಿಗೆ, ಆಮೇಲೆ ಕುಸ್ತಿ ಕಡೆ ಹೋದ. "ಅಷ್ಟು ದೂರ ಬಂದನಲ್ಲ" ಅಂದ್ರು ಮಾವ.

ಡ್ರಾಫ್ಟ್ ರಾತ್ರಿ, ಜೂನ್ 25, ಎಲ್ರೂ ನಮ್ಮನೇಲೇ. ಬ್ರೂಕ್ಲಿನ್‌ನಿಂದ ಲೈವ್. ಹುಡುಗ್ರು ಮದುವೆ ಗಂಡಿನ ಥರ ಸೂಟ್ ಹೊಲಿಸ್ಕೊಂಡು ಅಪ್ಪ ಅಮ್ಮನ ಜೊತೆ ದುಂಡು ಟೇಬಲ್ ಸುತ್ತ ಕೂತಿರ್ತಾರೆ, ಹೆಸರು ಕರೆದ ತಕ್ಷಣ ಎದ್ದು ಅಮ್ಮನ್ನ ತಬ್ಬಿ, ಟೋಪಿ ಹಾಕ್ಕೊಂಡು, ಮೇಲೆ ಹೋಗಿ ಕೈಕುಲುಕಿ ಫೋಟೋ. ಫ್ಲ್ಯಾಗ್ ಹೆಸರು ಹೇಳಿದಾಗ ನಮ್ಮನೇಲಿ ಯಾರೂ ಕೂಗ್ಲೇ ಇಲ್ಲ, ಗೊತ್ತಿದ್ದಿದ್ದೇ, ಮಗ ಮಾತ್ರ ಎದ್ದು ರೂಮಿಗೆ ಹೋಗಿ ಬಂದ, ಏನ್ ಮಾಡಿದ ಅಂತ ನಾನು ಕೇಳ್ಲಿಲ್ಲ. ಎರಡನೇದು ಹಾರ್ಪರ್. ಮೂರನೇದು ಬೇಯ್ಲಿ ಅಂತ ದಾವಣಗೆರೆಯವನು ಕುರ್ಚಿ ತುದಿಗೆ ಬಂದ, ಫಿಲಡೆಲ್ಫಿಯಾದವ್ರು ಎಜ್‌ಕೂಂಬ್ ಅಂದ್ರು. ನಾಲ್ಕಕ್ಕೂ ಇಲ್ಲ. ಐದಕ್ಕೆ ಯೂಟಾ ಬೇಯ್ಲಿನ ಕರೆದಾಗ ಅವನು ಬೆವರು ಒರೆಸ್ಕೊಂಡು "ಮಗಳ ಮದುವೆ ಆದಂಗಾತು ನೋಡು" ಅಂದ.

ಆ ಗಲಾಟೆ ಮಧ್ಯೆ ಮಾವ ಹೆಗಲ ಮೇಲಿನ ಟವಲ್ ತೆಗೆದು ನನ್ನ ಕೈ ಮೇಲೆ ಹಾಕಿದ್ರು. ಜಾತ್ರೇಲಿ ರೇಟ್ ಮಾತಾಡೋದು ಹಂಗೇ, ಬಾಯಿ ಬಿಡಲ್ಲ, ಟವಲ್ ಕೆಳಗೆ ಬೆರಳು ಹಿಡಿದು ಒತ್ತೋದು, ಸುತ್ತ ನಿಂತವ್ರಿಗೆ ಗೊತ್ತಾಗಬಾರದು. ಅವ್ರ ಕೈ ಒರಟು, ಬಿಸಿ. ಟೀವೀಲಿ ಫ್ಲ್ಯಾಗ್ ಮುಖ ಇನ್ನೊಂದ್ಸಲ ಬಂತು. ಮಾವ ನನ್ನ ಮೂರು ಬೆರಳು ಸೇರಿಸಿ ಹಿಡಿದು ಗಟ್ಟಿಯಾಗಿ ಒತ್ತಿದ್ರು, ಕಿರುಬೆರಳನ್ನ ಒಂದ್ಸಲ ಮಡಚಿದ್ರು, ಟವಲ್ ತೆಗೆದು ಹೆಗಲಿಗೆ ಹಾಕ್ಕೊಂಡ್ರು.

"ಏನ್ ಮಾವ ಇದು, ಮೂರು ವರ್ಷ ಬೇಕು ಅಂತಾನಾ? ಮೂರು ಕಪ್ ಗೆಲ್ತಾನೆ ಅಂತಾನಾ?"

"ಟವಲ್ ಕೆಳಗಿನ ಮಾತ ಟವಲ್ ಮ್ಯಾಲೆ ಆಡಬಾರ್ದು ಅಳಿಯಂದ್ರೆ."

ಆಗಸ್ಟಲ್ಲಿ ಊರಿಗೆ ವಾಪಸ್ ಹೋದ್ರು. ಸೀಸನ್ ಶುರುವಾದ ಮೇಲೆ ಭಾನುವಾರ ಫೋನ್ ಮಾಡಿದಾಗೆಲ್ಲಾ ಮೊಮ್ಮಗನ್ನ ವಿಚಾರಿಸಿದ ಮೇಲೆ ಎರಡನೇ ಪ್ರಶ್ನೇನೇ "ಆ ಹಾಲುಹಲ್ಲಿನ ಹೋರಿ ಹೆಂಗೈತೆ?" ಅಂತ. ನಾನು ಪಾಯಿಂಟ್ಸ್ ಎಷ್ಟು, ರೀಬೌಂಡ್ ಎಷ್ಟು ಅಂತ ಒಪ್ಪಿಸ್ತೀನಿ, ಅವ್ರು ಹೂಂ ಅಂತಾರೆ. ಮೊನ್ನೆ ತಡೀಲಾರದೆ ಇನ್ನೊಂದ್ಸಲ ಕೇಳೇಬಿಟ್ಟೆ, ಹೋಗ್ಲಿ ಮಾವ, ಮೂರು ಅಂದ್ರೆ ಏನು ಅಂತ ಈಗ್ಲಾದ್ರೂ ಹೇಳ್ಬಿಡಿ. ಆ ಕಡೆ ಏನೋ ಸದ್ದಾಯ್ತು. "ತಡೀರಿ ಅಳಿಯಂದ್ರೆ, ತ್ರೀ ಫೇಸ್ ಬಂತು, ಮೋಟ್ರು ಹಾಕ್ಬೇಕು" ಅಂತ ಫೋನ್ ಇಟ್ಟುಬಿಟ್ರು.