ಹಳೆ ಡಿಶ್‌ವಾಷರ್: ಮೊದಲು ನೀರಿನ ಕಥೆ ಕೇಳಿ

ಹಳೆ ಡಿಶ್‌ವಾಷರ್ ಕೊಳ್ಳುವ ಬಗ್ಗೆ ನಿಮ್ಮ ಲೇಖನ ಓದಿದೆ. ಬ್ರ್ಯಾಂಡು, ವಯಸ್ಸು, ಬೆಲೆ ನೋಡಿ ಅಂತ ಬರೆದಿದ್ದೀರಿ. ಸರಿ. ಆದರೆ ನಮ್ಮ ಮೈಸೂರಿನಲ್ಲಿ ಅದಕ್ಕೂ ಮುಂಚೆ ಕೇಳಬೇಕಾದ್ದು, ಆ ಮನೆಗೆ ಯಾವ ನೀರು ಬರುತ್ತಿತ್ತು ಅಂತ. ಕಾವೇರಿ ನೀರಲ್ಲಿ ಓಡಿದ ಮಷಿನ್ನೇ ಬೇರೆ, ಗಡಸಾದ ಬೋರ್‌ವೆಲ್ ನೀರಲ್ಲಿ ಓಡಿದ್ದೇ ಬೇರೆ.

ಕೆಳಗಿನ ಟ್ರೇ ಹೊರಗೆ ತೆಗೆಯಿರಿ. ಗಡಸು ನೀರನ್ನು ಮೆದು ಮಾಡುವ ಸಾಫ್ಟ್‌ನರ್ ಇರುವ ಮಷಿನ್ನಾದರೆ ತಳದಲ್ಲಿ ತಿರುಪು ಮುಚ್ಚಳದ ಉಪ್ಪಿನ ಡಬ್ಬಿ ಕಾಣುತ್ತದೆ. ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಹಿಡಿದಿಟ್ಟುಕೊಳ್ಳುವ ರೆಸಿನ್ ಅನ್ನೋ ಸಣ್ಣ ಮಣಿಗಳನ್ನು ಮತ್ತೆ ಕೆಲಸಕ್ಕೆ ತಯಾರು ಮಾಡುವುದೇ ಆ ಉಪ್ಪು. ಹಿಂದಿನವರು ಅದನ್ನು ಹಾಕುತ್ತಿದ್ದರಾ? ನೀರು ಚಿಮ್ಮುವ ರೆಕ್ಕೆಯ ತೂತುಗಳನ್ನು ಉಗುರಲ್ಲಿ ಕೆರೆದು ನೋಡಿ, ಗಡಸು ನೀರಿನ ಬಿಳಿ ಪುಡಿ ಉದುರಿದರೆ ಸರಿಯಾಗಿ ಹಾಕುತ್ತಿರಲಿಲ್ಲ ಅನ್ನಿ. ಅರಿಶಿನದ ಹಳದಿ ಕಲೆಗೆ ಮಾತ್ರ ತಲೆ ಕೆಡಿಸಿಕೊಳ್ಳಬೇಡಿ, ಅದು ಪ್ಲಾಸ್ಟಿಕ್‌ಗೆ ಹಿಡಿದ ಬಣ್ಣ ಅಷ್ಟೇ.

ವರ್ಷಗಟ್ಟಲೆ ಮೂಲೆಯಲ್ಲಿ ಸುಮ್ನೆ ನಿಂತ ಮಷಿನ್ನನ್ನು 'ಹೊಸದರ ಹಾಗೇ ಇದೆ' ಅಂತ ಮಾರುತ್ತಾರೆ. ನನಗೆ ಅದರ ಮೇಲೇ ಅನುಮಾನ ಜಾಸ್ತಿ. ಒಣಗಿದ ಪಂಪಿನ ಸೀಲು, ಬಾಗಿಲ ರಬ್ಬರು ಗಟ್ಟಿಯಾಗಿ ಬಿರುಕು ಬಿಟ್ಟು ಸೋರಲು ಶುರುವಾಗಬಹುದು. ದಿನಾ ಪಾತ್ರೆ ತೊಳೆಯುತ್ತಿರುವ ಮಷಿನ್ ನೋಡಲು ಹಳೆಯದಾಗಿದ್ದರೂ ವಾಸಿ ಅಲ್ವಾ? ನಲ್ಲಿಗೆ ಜೋಡಿಸಿ, ಬಿಸಿ ನೀರಿನ ಒಂದು ಸುತ್ತು ಪೂರ್ತಿ ಓಡಿಸಿ ತೋರಿಸಿ ಅನ್ನಿ. ಮುಗಿದ ಕೂಡಲೇ ಪಾತ್ರೆ ಮುಟ್ಟಿ ನೋಡಿ. ಬಿಸಿ ಇಲ್ಲದಿದ್ದರೆ ಹೀಟರ್ ಹೋಗಿರಬಹುದು. ತಳದಲ್ಲಿ ತುಂಬಾ ನೀರು ನಿಂತಿದ್ದರೆ ಹೊರಹಾಕುವ ಪಂಪೋ ಪೈಪೋ ಕಟ್ಟಿಕೊಂಡಿರಬಹುದು.

ಬಾಗಿಲ ಅಂಚಲ್ಲಿ ಮಾಡೆಲ್ ನಂಬರ್ ಇರುತ್ತದೆ. ಅದರ ಫೋಟೋ ರಿಪೇರಿಯವರಿಗೆ ಕಳಿಸಿ ಬಿಡಿಭಾಗ ಸಿಗುತ್ತದಾ ಕೇಳಿ. ಸಿಗದಿದ್ದರೆ ಎಷ್ಟು ಕಡಿಮೆಗೆ ಕೊಟ್ಟರೂ ಬೇಡ.